ಅಪ್ಪಯ್ಯನ ಹಕ್ಕಿಯನ್ನು ತೊಳೆದದ್ದು

ಮೊನ್ನೆ ಬಿಲ್ಲು ಕೊಡಲು ಗಲ್ಲಾದ ಮುಂದೆ ನಿಂತಾಗ ನೀವು ಕೇಳಿದಿರಿ, "ದೇವರ ಪಟದ ಪಕ್ಕ ಗಾಜಿನೊಳಗೆ ಇರೋದೇನು, ಕೋಳಿಯಾ?" ಎಂದು. ನಿಮ್ಮ ಹಿಂದೆ ಊಟದ ಹೊತ್ತಿನ ಸಾಲಿತ್ತು. ಮದರಾಸಿನ ಪ್ಯಾರೀಸ್ ಕಾರ್ನರಿನಲ್ಲಿ ಮಧ್ಯಾಹ್ನ ಯಾರಿಗೂ ಪುರುಸೊತ್ತಿಲ್ಲ. ಬಂದರಿನ ಆಫೀಸಿನವರು ಮಜ್ಜಿಗೆಯನ್ನೂ ನಿಂತೇ ಕುಡಿಯುತ್ತಾರೆ. "ಆಮೇಲೆ ಹೇಳ್ತೇನೆ" ಅಂದೆ. ಈಗ ಹೇಳುವ ಬದಲು ಬರೆಯುತ್ತಿದ್ದೇನೆ. ಏಳನೆಯ ಕ್ಲಾಸಿಗೆ ಶಾಲೆ ಬಿಟ್ಟವನು ನಾನು. ಬರವಣಿಗೆ ಎಂದರೆ ಬಾಗಿಲಿನ ತಿಂಡಿ ಬೋರ್ಡು ಬರೆದು ಗೊತ್ತು, ಅಷ್ಟೆ. ಆದರೆ ತಿಂಡಿ ಬೋರ್ಡು ಬರೆಯುವವನಿಗೆ ಒಂದು ಒಳ್ಳೆಯ ಅಭ್ಯಾಸ ಬರುತ್ತದೆ. ಇಲ್ಲದ ವಡೆಯನ್ನು ಇದೆ ಎಂದು ಬರೆದರೆ ಗಿರಾಕಿ ಒಳಗೆ ಬಂದು ಕೂತ ಕೂಡಲೇ ಸಿಕ್ಕಿಬೀಳುತ್ತೇವೆ. ಆ ಅಭ್ಯಾಸವನ್ನು ನಂಬಿ ಹೊರಟಿದ್ದೇನೆ.

ಅದು ಕೋಳಿಯಲ್ಲ, ಗರುಡ. ಕಡೇಪಕ್ಷ ಗರುಡ ಎಂದು ಹೇಳಿ ಮಾಡಿಸಿದ್ದು.

ನಮ್ಮ ಅಪ್ಪಯ್ಯ ಕುಂದಾಪುರದ ಕಡೆಯವರು. ಮೀಸೆ ಮೂಡುವ ಮೊದಲೇ ಮನೆ ಬಿಟ್ಟು ಮದರಾಸಿಗೆ ಬಂದು, ಹೋಟೆಲಿನಲ್ಲಿ ಅಡುಗೆ ಕಲಿತು, ದೊಡ್ಡ ಯುದ್ಧದ ಕಾಲದಲ್ಲಿ ಸೈನ್ಯದ ಅಡುಗೆಯವರಾಗಿ ಬರ್ಮಾ ಗಡಿಯ ಕಾಡಿಗೆ ಹೋದರು. ಇದು ಅವರು ಹೇಳಿದ ಕಥೆ. ದಾಯಾದಿಗಳ ಕಥೆ ಬೇರೆ. ಅವರ ಪ್ರಕಾರ ಅಪ್ಪಯ್ಯ ಆ ವರ್ಷಗಳಲ್ಲಿ ಯಾರಿಗೂ ಹೇಳದೆ ಬೊಂಬಾಯಿಯಲ್ಲಿ ತಟ್ಟೆ ತೊಳೆಯುತ್ತಿದ್ದರು. ನಾಚಿಕೆಗೆ ಯುದ್ಧವನ್ನು ಅಡ್ಡ ತಂದರು. ಕಾಗದ ಪತ್ರ ಯಾವುದೂ ಉಳಿದಿರಲಿಲ್ಲ. ಉಳಿದದ್ದು ಅಂಗೈಯಗಲದ ಒಂದು ಬಟ್ಟೆಯ ಬಿಲ್ಲೆ. ನೀಲಿ ಬಟ್ಟೆಯ ಮೇಲೆ ಹಳದಿ ನೂಲಿನಲ್ಲಿ ಹೊಲಿದ ಹಕ್ಕಿ. ಸಿಪಾಯಿಗಳು ತಮ್ಮ ಪಡೆಯ ಗುರುತಿಗೆಂದು ತೋಳಿಗೆ ಹಾಕಿಕೊಳ್ಳುತ್ತಿದ್ದಂಥದ್ದು.

ಅಪ್ಪಯ್ಯನ ಯುದ್ಧದ ಕಥೆಗಳಲ್ಲಿ ಬಂದೂಕು ಬರುತ್ತಿರಲಿಲ್ಲ, ಬೇಳೆ ಬರುತ್ತಿತ್ತು. "ಆ ನೀರಲ್ಲಿ ಬೇಳೆ ಬೇಯುದೇ ಇಲ್ಲ ಕಾಣ್" ಎನ್ನುವುದು ಅವರ ಮುಖ್ಯವಾದ ದೂರು. ಶತ್ರುಗಳ ಮೇಲೆ ಅವರಿಗೆ ಅಷ್ಟು ಸಿಟ್ಟಿರಲಿಲ್ಲ. ಬಿಲ್ಲೆಯ ಕಥೆಯನ್ನು ಮಾತ್ರ ಖುಷಿಯಿಂದ ಹೇಳುತ್ತಿದ್ದರು. ಊರಿಂದ ಬರಬೇಕಾದ ಬಿಲ್ಲೆಗಳು ಬರಲಿಲ್ಲವಂತೆ. ಪಡೆಯವರು ಹತ್ತಿರದ ಪೇಟೆಯ ದರ್ಜಿಯನ್ನು ಹಿಡಿದರಂತೆ. "ಅವ ಆ ಹಕ್ಕಿ ಕಂಡವನೇ ಅಲ್ಲ. ದೊಡ್ಡ ಹಕ್ಕಿ ಮಾರಾಯ, ದೇವರ ಹಕ್ಕಿ ಅಂದೆ. ಅವ ಕಂಡ ದೊಡ್ಡ ಹಕ್ಕಿ ಅಂದ್ರೆ ಅವನ ಮನೆ ಕೋಳಿ. ಅದಕ್ಕೆ ಕೊಕ್ಕು ಸ್ವಲ್ಪ ಬಗ್ಗಿಸಿ ಕೊಟ್ಟ." ಒಬ್ಬೊಬ್ಬರ ತೋಳಿನ ಮೇಲೆ ಒಂದೊಂದು ಥರದ ಹಕ್ಕಿ ಕೂತಿತ್ತಂತೆ. ಅಪ್ಪಯ್ಯನ ಹಕ್ಕಿಯ ಬಾಲದ ಹತ್ತಿರ ಒಂದು ಅರಸಿನ ಬಣ್ಣದ ಕಲೆ ಇತ್ತು. ಬೇಳೆ ಕುದಿದು ಹಾರಿದ್ದು. ಕಡೆಗೂ ಬೇಳೆ ಬೆಂದ ದಿನದ ಕಲೆ ಎಂದು ಅಪ್ಪಯ್ಯ ಹೇಳುತ್ತಿದ್ದರು.

ಅಪ್ಪಯ್ಯ ಹೋದ ಮೇಲೆ ಹೋಟೆಲು ನನ್ನ ಪಾಲಿಗೆ ಬಂತು, ಹಕ್ಕಿ ಅಕ್ಕನ ಪಾಲಿಗೆ. ಅಕ್ಕ ಮದರಾಸಿನಲ್ಲೇ, ಅಡ್ಯಾರಿನಲ್ಲಿ ಮಗ ಸೊಸೆಯ ಜೊತೆ ಇದ್ದಾಳೆ. ಅಲ್ಲಿಯೇ ಒಂದು ಶಾಲೆಯಲ್ಲಿ ಸಣ್ಣ ಮಕ್ಕಳಿಗೆ ಪಾಠ ಹೇಳಿ ನಿವೃತ್ತಳಾದವಳು. ಹಕ್ಕಿಯನ್ನು ಒಂದು ಹಳೆಯ ಪೌಡರ್ ಡಬ್ಬಿಯಲ್ಲಿಟ್ಟು, ಡಬ್ಬಿಯನ್ನು ರೇಷ್ಮೆ ಸೀರೆಗಳ ಅಡಿ ಇಟ್ಟಿದ್ದಳು. ನೆಂಟರು ಬಂದಾಗ ಡಬ್ಬಿ ಹೊರಗೆ ಬರುತ್ತಿತ್ತು. ಮೊದಲು ಹಕ್ಕಿ, ಆಮೇಲೆ ಕಲೆ. "ಕಾಣಿ, ಇದು ಬರ್ಮಾದ ಬೇಳೆ." ಮೊಮ್ಮಕ್ಕಳು "ಪಾಟಿ, ಎನಫ್", ಸಾಕಜ್ಜೀ, ಎಂದು ಎದ್ದು ಹೋಗುವವರೆಗೆ ಕಥೆ ನಡೆಯುತ್ತಿತ್ತು.

ಇನ್ನು ನನ್ನ ವಿಷಯ. ನನಗೆ ತೊಳೆಯುವ ಚಟ ಇದೆ.

ನಗಬೇಡಿ. ಶಾಲೆ ಬಿಟ್ಟು ಬಂದವನನ್ನು ಅಪ್ಪಯ್ಯ ಗಲ್ಲಾದಲ್ಲಿ ಕೂರಿಸಲಿಲ್ಲ, ಹಿತ್ತಲಿನ ಬಟ್ಟೆ ಕಲ್ಲಿನ ಮುಂದೆ ನಿಲ್ಲಿಸಿದರು. ಮೇಜು ಒರೆಸುವ ಬಟ್ಟೆ, ಅಡುಗೆಯವರು ಹೆಗಲಿಗೆ ಹಾಕುವ ಬೈರಾಸು ಟವೆಲ್ಲು, ಬಡಿಸುವವರ ಬಿಳಿ ಅಂಗಿ, ಎಲ್ಲ ನನ್ನ ಕೈಗೆ. ಸಸ್ಯಾಹಾರಿ ಹೋಟೆಲಿನ ಮರ್ಯಾದೆ ಸಾಂಬಾರಿನಲ್ಲಿ ಅರ್ಧ, ಬೈರಾಸಿನಲ್ಲಿ ಅರ್ಧ ಎಂದು ಅಪ್ಪಯ್ಯ ಹೇಳಿದ್ದನ್ನು ನಾನು ಸ್ವಲ್ಪ ಜಾಸ್ತಿಯೇ ನಂಬಿದೆ. ಈಗ ಗಲ್ಲಾದಲ್ಲಿ ಕೂತರೂ ಕಣ್ಣು ಬಟ್ಟೆಯ ಮೇಲೇ ಇರುತ್ತದೆ. ಒಮ್ಮೆ ಗಿರಾಕಿಯೊಬ್ಬರು ಕುರ್ಚಿಯ ಮೇಲೆ ಶಾಲು ಮರೆತು ಹೋದರು. ಮಾರನೆಯ ದಿನ ಬಂದಾಗ ತೊಳೆದು, ಇಸ್ತ್ರಿ ಮಾಡಿ, ಮಡಚಿ ಕೊಟ್ಟೆ. ಅವರು ಮೂಸಿ ನೋಡಿ, ಮುಖ ಸಣ್ಣ ಮಾಡಿ, "ಅಮ್ಮನ ವಾಸನೆ ಇತ್ತು ಇದರಲ್ಲಿ" ಅಂದರು. ಮತ್ತೆ ನಮ್ಮಲ್ಲಿ ಊಟಕ್ಕೆ ಬರಲಿಲ್ಲ. ಇದರಿಂದ ಪಾಠ ಕಲಿಯಬಹುದಾಗಿತ್ತು. ನಾನು ಕಲಿತ ಪಾಠ, ಮರೆತುಹೋದ ಶಾಲುಗಳನ್ನು ತೊಳೆಯಬಾರದು ಎಂಬುದಷ್ಟೆ. ಬೇರೆ ಬಟ್ಟೆಗಳ ಬಗ್ಗೆ ಆ ಪಾಠದಲ್ಲಿ ಏನೂ ಇರಲಿಲ್ಲ.

ಹೋದ ವರ್ಷ ನಮ್ಮ ಕಡೆಯ ಹೋಟೆಲಿನವರ ಸಂಘದವರು ಹಿರಿಯರ ವಸ್ತುಗಳ ಪ್ರದರ್ಶನ ಇಡುತ್ತೇವೆ ಎಂದರು. ಯಾರೋ ತಾತನ ರುಬ್ಬುವ ಕಲ್ಲು ಕೊಟ್ಟರು, ಯಾರೋ ಹಿತ್ತಾಳೆಯ ಕಾಫಿ ಬಾಯ್ಲರ್. ಅಕ್ಕ ಹಕ್ಕಿ ಕೊಡುತ್ತೇನೆ ಎಂದಳು. ಡಬ್ಬಿಯನ್ನು ನನ್ನ ಕೈಗಿತ್ತು, "ನಿನ್ನ ಹೋಟ್ಲ್ ಹತ್ರ ಕಟ್ಟು ಹಾಕುವವ್ರು ಇದ್ರಲ್ದಾ, ಒಂದ್ ಗಾಜಿನ ಕಟ್ಟು ಹಾಕ್ಸು. ನೀ ಮುಟ್ಬೇಡ" ಎಂದಳು. ಆಗ ಅವಳ ಎರಡೂ ಕಣ್ಣಿಗೆ ಪೊರೆ ಬಂದಿತ್ತು. ಆಪರೇಷನ್ ಮುಂದೂಡುತ್ತಾ ಬಂದಿದ್ದಳು.

ನಾನು ಮುಟ್ಟಿದೆ. ಹೊಸ ಗಾಜು, ಹೊಸ ಚೌಕಟ್ಟು, ಒಳಗೆ ಕೊಳೆ ಹಿಡಿದ ಹಕ್ಕಿ. ನಾಲ್ಕು ಜನ ನೋಡುವಂಥದ್ದು. ಅಪ್ಪಯ್ಯನ ಮರ್ಯಾದೆ. ಹೀಗೆಲ್ಲ ಯೋಚಿಸಿ, ಬಕೆಟ್ಟಿನಲ್ಲಿ ಒಳ್ಳೆಯ ಬ್ರಾಂಡಿನ ಸೋಪಿನ ಪುಡಿ ಕಲಸಿ ಹಕ್ಕಿಯನ್ನು ಅದ್ದಿದೆ. ಸೋಪು ತಾಗಿದ ಕೂಡಲೇ ಬೇಳೆಯ ಕಲೆ ಕೆಂಪಾಯಿತು. ಅರಸಿನದ ಕಲೆಯ ಸ್ವಭಾವ ಅದು, ಹೋಗುವ ಮೊದಲು ಒಂದು ಸಲ ಸಿಟ್ಟು ಮಾಡುತ್ತದೆ. ಬಿಸಿಲಿಗೆ ಹಾಕಿದೆ. ಮದರಾಸಿನ ಬಿಸಿಲು ಅಂಥ ಸಿಟ್ಟುಗಳನ್ನು ಬೇಗ ಇಳಿಸುತ್ತದೆ. ಸಂಜೆಗೆ ಕಲೆ ಇರಲಿಲ್ಲ. ಹಕ್ಕಿ ಈಗಷ್ಟೇ ಮಿಂದು ಬಂದಂತಿತ್ತು. ಆ ಕಲೆಗೊಂದು ಕಥೆ ಇತ್ತೆಂದು ನೆನಪಾದದ್ದು ಆಗ. ಪರವಾಗಿಲ್ಲ, ಅಕ್ಕನಿಗೆ ಕಣ್ಣು ಕಾಣುವುದಿಲ್ಲ ಎಂದುಕೊಂಡೆ. ಈ ಮಾತನ್ನು ಬರೆಯುವಾಗ ಪೆನ್ನು ಸ್ವಲ್ಪ ನಿಂತಿತು; ಇರಲಿ.

ಕಟ್ಟು ಹಾಕಿಸುವ ಮೊದಲೇ ನಮ್ಮ ದೊಡ್ಡಪ್ಪನ ಮಗ ಶೀನಣ್ಣ ಅಡ್ಡ ಬಂದ. ಅವನು ಸಂಘದ ಪದಾಧಿಕಾರಿ. ಅವನಿಗೆ ಅಪ್ಪಯ್ಯನ ಯುದ್ಧದ ಮೇಲೆ ಎಂದೂ ನಂಬಿಕೆ ಇರಲಿಲ್ಲ.

"ಹ್ವಾಯ್ ಗೋಪಾಲ, ಚಿಕ್ಕಪ್ಪಯ್ಯ ಆ ಕೋಳಿ ಗೆದ್ದದ್ದ್ ಬರ್ಮಾದಲ್ಲಾ, ಮೂರ್ ಮಾರ್ಕೆಟ್ಟಲ್ಲಾ?" ಎಂದ. ಹಳೆಯ ಮೂರ್ ಮಾರ್ಕೆಟ್ಟಿನಲ್ಲಿ ಆ ಕಾಲಕ್ಕೆ ಸಿಗದ ಸೆಕೆಂಡ್ ಹ್ಯಾಂಡ್ ವಸ್ತು ಇರಲಿಲ್ಲ.

ಅಕ್ಕ ಅಲ್ಲೇ ಇದ್ದಳು. "ಅಷ್ಟ್ ಸಂಶಯ ಇದ್ರೆ ತಿಳ್ದವ್ರಿಗೆ ತೋರ್ಸುವ ಶೀನ. ಅವ್ರು ಹೌದ್ ಅಂದ್ರೆ ನೀ ಎಲ್ಲರ ಎದುರು ಮೈಕ್ ಹಿಡ್ದ್ ಹೇಳ್ಬೇಕ್."

"ಹೇಳ್ತೆ ಮಾರಾಯ್ತಿ. ಅಲ್ಲ ಅಂದ್ರೆ?"

"ಅಲ್ಲ ಅಂಬ್ಕೆ ಸಾಧ್ಯವೇ ಇಲ್ಲೆ" ಎಂದಳು ಅಕ್ಕ.

ತಿಳಿದವರು ಅಕ್ಕನ ಮನೆಯಿಂದ ಎರಡು ಬೀದಿ ಆಚೆಯೇ ಸಿಕ್ಕಿದರು. ವರದರಾಜನ್ ಎಂಬ ನಿವೃತ್ತ ಬ್ಯಾಂಕ್ ಅಧಿಕಾರಿ. ಇಂಥ ಬಿಲ್ಲೆಗಳನ್ನು ಆಯುಷ್ಯವಿಡೀ ಕೂಡಿಹಾಕಿದವರು. ಅವರು ಮಾತಾಡಿದ್ದು ತಮಿಳಿನಲ್ಲಿ. ನಾನು ನಮ್ಮ ಮಾತಿನಲ್ಲಿ ಬರೆಯುತ್ತಿದ್ದೇನೆ. ಮನೆಯಲ್ಲಿ ಧೂಳಿತ್ತು. ಆ ಧೂಳನ್ನು ನೋಡದೆ ಇರಲು ನಾನು ಕಷ್ಟಪಟ್ಟೆ.

ಹಕ್ಕಿಯನ್ನು ಕೈಗೆ ಕೊಟ್ಟರೆ ಅವರು ಅದರ ಮುಖ ನೋಡಲೇ ಇಲ್ಲ, ಕವುಚಿ ಹಾಕಿದರು. "ಮೊದಲು ಬೆನ್ನು ನೋಡಬೇಕಮ್ಮಾ. ಮುಖಕ್ಕೆ ಎಲ್ಲರೂ ಪೌಡರ್ ಹಾಕ್ತಾರೆ, ಬೆನ್ನಿಗೆ ಯಾರೂ ಹಾಕಲ್ಲ." ಭೂತಗನ್ನಡಿ ಹಿಡಿದು ನೂಲಿನ ಗಂಟುಗಳನ್ನು ನೋಡಿದರು. ಮಿಷಿನ್ನಿನದಾದರೆ ಬೆನ್ನೂ ಶಿಸ್ತಾಗಿರುತ್ತದಂತೆ. ಕೈಕಸೂತಿಯಾದರೆ ನೂಲು ಅಲ್ಲಿಂದಿಲ್ಲಿಗೆ ಹಾರುತ್ತದಂತೆ. ಇದು ಹಾರಿತ್ತು. "ಕೈಯದೇ" ಎಂದರು. ಅಕ್ಕ ನನ್ನ ಮೊಣಕೈ ಒತ್ತಿದಳು. ಆಮೇಲೆ ಹಕ್ಕಿಯ ತಲೆ ಯಾವ ಕಡೆಗಿದೆ ನೋಡಿ, "ಎಡತೋಳಿನದು. ಹಕ್ಕಿ ಯಾವಾಗಲೂ ಮುಂದಕ್ಕೇ ನೋಡಬೇಕು, ಅದಕ್ಕೆ ಜೋಡಿ ಮಾಡ್ತಿದ್ದರು. ಬಲದ್ದು ಎಲ್ಲಿ?" ಎಂದರು. ಬಲದ್ದನ್ನು ಅಪ್ಪಯ್ಯ ಕಾಡಿನಲ್ಲೇ ಕಳೆದಿದ್ದರು. ಯಾವ ಪಡೆಯದ್ದೆಂದು ಪುಸ್ತಕಗಳನ್ನು ತೆಗೆದು ಹುಡುಕಿದರು. ಹತ್ತಿರದ ಚಿತ್ರಗಳು ಸಿಕ್ಕವು. ಆದರೆ ಪೇಟೆಯ ದರ್ಜಿಗಳು ಹೊಲಿದದ್ದು ಯಾವ ಪುಸ್ತಕಕ್ಕೂ ಸರಿಯಾಗಿ ಹೊಂದುವುದಿಲ್ಲ ಎಂದು ಅವರೇ ಹೇಳಿದರು. "ಇದನ್ನು ಹೊಲಿದವನು ಕೋಳಿ ಸಾಕಿದ್ದ" ಎಂದೂ ಅಂದರು. ಅಕ್ಕ ಮತ್ತೆ ಮೊಣಕೈ ಒತ್ತಿದಳು. ಅಪ್ಪಯ್ಯನ ಕಥೆಯನ್ನು ನಾವು ಅವರಿಗೆ ಇನ್ನೂ ಹೇಳಿರಲಿಲ್ಲ.

ಬೆನ್ನಿನ ನಾಲ್ಕು ಮೂಲೆಯಲ್ಲಿ ನೂಲಿನ ಕುಣಿಕೆಗಳಿದ್ದವು. "ಇವು ಯಾಕೆ ಗೊತ್ತಾ? ಅಂಗಿ ದೋಬಿಗೆ ಹೋಗುವಾಗ ಇದನ್ನು ಬಿಚ್ಚಿ ತೆಗೆದಿಡೋದಕ್ಕೆ. ಯುದ್ಧದ ಮಧ್ಯದಲ್ಲೂ ಇದಕ್ಕೆ ನೀರು ತಾಗಿಸ್ತಿರಲಿಲ್ಲ."

ನಾನು ಕುಡಿಯಲು ಸ್ವಲ್ಪ ನೀರು ಕೇಳಿದೆ.

"ಬಾಲದ ಹತ್ರ ಕಾಣಿ ಸಾರ್," ಎಂದಳು ಅಕ್ಕ. "ಬೇಳೆ ಕಲೆ ಉಂಟ್." ಬೆರಳನ್ನು ತಂದು ಸರಿಯಾಗಿ ಕಲೆ ಇದ್ದ ಜಾಗಕ್ಕೇ ಇಟ್ಟಳು. ಕಣ್ಣು ಕಾಣದಿದ್ದರೂ ಬೆರಳಿಗೆ ಗೊತ್ತಿತ್ತು. ವರದರಾಜನ್ ಭೂತಗನ್ನಡಿ ಇಟ್ಟು ಬಗ್ಗಿದರು. ಬಹಳ ಹೊತ್ತು ಬಗ್ಗಿದರು. "ಕಲೆ ಇಲ್ಲವಲ್ಲಮ್ಮಾ" ಎಂದರು. ಅಕ್ಕ ನಕ್ಕು, "ನಿಮ್ಗೂ ಪೊರೆ ಬಂತಾ ಸಾರ್?" ಎಂದಳು.

ಅವರು ನಗಲಿಲ್ಲ. ಕಿಟಕಿ ಮುಚ್ಚಿ, ಒಂದು ನೇರಳೆ ಬಣ್ಣದ ಟಾರ್ಚು ತೆಗೆದರು. ಹಚ್ಚುವ ಮೊದಲು ಕೇಳಿದರು: "ಇದನ್ನು ಯಾವಾಗಲಾದರೂ ತೊಳೆದದ್ದುಂಟಾ?"

"ಇಲ್ಲವೇ ಇಲ್ಲ" ಎಂದಳು ಅಕ್ಕ. "ಅಪ್ಪಯ್ಯನೂ ತೊಳೀಲಿಲ್ಲೆ, ನಾನೂ ತೊಳೀಲಿಲ್ಲೆ. ಇವ ನನ್ನ ತಮ್ಮ, ಕೈಗೆ ಸಿಕ್ಕಿದ್ದೆಲ್ಲ ತೊಳೀತ. ಇವನ್ಗೇ ಮುಟ್ಟೂಕೆ ಬಿಡ್ಲಿಲ್ಲೆ."

ನಾನು ಸುಮ್ಮನೆ ಕೂತಿದ್ದೆ.

ಕತ್ತಲಲ್ಲಿ ಟಾರ್ಚು ಹತ್ತಿತು. ಹಕ್ಕಿ ಟ್ಯೂಬ್‌ಲೈಟಿನ ಹಾಗೆ ಬೆಳ್ಳಗೆ ಹೊಳೆಯಿತು. ನನಗೆ ನಿಜವಾಗಿ ಸಂತೋಷವೇ ಆಯಿತು. ಇಷ್ಟು ಚೆನ್ನಾಗಿ ಬೆಳಗುತ್ತಿದೆಯಲ್ಲ, ಒಳ್ಳೆಯದೇ ಇರಬೇಕು ಎಂದುಕೊಂಡೆ. ವರದರಾಜನ್ ಟಾರ್ಚು ಆರಿಸಿ ಕಿಟಕಿ ತೆರೆದರು. ಆ ಕಾಲದ ನೂಲಿನಲ್ಲಿ ಹೀಗೆ ಹೊಳೆಯುವ ಪದಾರ್ಥ ಇರುವುದಿಲ್ಲ, ಎಂದೂ ತೊಳೆಯದ ಬಟ್ಟೆ ಹೀಗೆ ಹೊಳೆದರೆ ನೂಲೇ ಹೊಸದು ಎಂದರ್ಥ, ಎಂದರು. "ಚೆನ್ನಾಗಿ ಮಾಡಿದ್ದಾರಮ್ಮಾ. ಆದರೆ ಯುದ್ಧದ ಕಾಲದ್ದಲ್ಲ."

ವಾಪಸು ಬರುವಾಗ ಆಟೋದಲ್ಲಿ ಅಕ್ಕ ಡಬ್ಬಿಯನ್ನು ಮಡಿಲಲ್ಲಿಟ್ಟುಕೊಂಡು ಕೂತಿದ್ದಳು. ಸಿಗ್ನಲ್ಲಿನಲ್ಲಿ ನಿಂತಾಗ, "ಅಪ್ಪಯ್ಯ ನಮ್ಗೆ ಸುಳ್ಳ್ ಹೇಳಿರ್ಲಿಕ್ಕಿಲ್ಲೆ, ಅಲ್ದಾ ಗೋಪಾಲ?" ಎಂದಳು.

"ಇಲ್ಲ ಅಕ್ಕಾ."

"ಅವ್ರಿಗೇ ಯಾರೋ ಮೋಸ ಮಾಡಿರ್ಬೇಕ್."

ಎಷ್ಟು ಯೋಚಿಸಿದರೂ ಅದು ಕೂಡುವುದಿಲ್ಲ ಎಂದು ಅವಳಿಗೂ ಗೊತ್ತಿತ್ತು. ಯುದ್ಧಕ್ಕೆ ಹೋದವನಿಗೆ ಅವನದೇ ತೋಳಿನ ಬಿಲ್ಲೆಯನ್ನು ಯಾರಾದರೂ ಹೇಗೆ ಮೋಸ ಮಾಡಿ ಕೊಡುತ್ತಾರೆ? ಹಕ್ಕಿ ಪ್ರದರ್ಶನಕ್ಕೆ ಹೋಗಲಿಲ್ಲ. ಡಬ್ಬಿ ಸೀರೆಗಳ ಅಡಿಗೆ ಹೋಯಿತು. ನೆಂಟರು ಬಂದಾಗ ಅಕ್ಕ ಟೀವಿ ಹಾಕತೊಡಗಿದಳು. ಶೀನಣ್ಣ ಮಾತ್ರ ನನ್ನನ್ನು ಕಂಡಲ್ಲೆಲ್ಲ, "ಕೋಳಿ ಹಾರ್ತಾ ಗೋಪಾಲ?" ಎಂದು ಕೇಳುತ್ತಿದ್ದ.

ನಮ್ಮ ಗಲ್ಲಾದ ಮೇಲೆ ಕಳ್ಳನೋಟು ನೋಡುವ ಒಂದು ಪುಟ್ಟ ದೀಪವಿದೆ. ನೀವೂ ಕಂಡಿರಬಹುದು. ಅದೂ ನೇರಳೆ ಬಣ್ಣದ್ದೇ. ಒಂದು ಮಧ್ಯಾಹ್ನ ಊಟ ಮುಗಿದು ಹೋಟೆಲು ಖಾಲಿಯಾಗಿದ್ದಾಗ ಹೆಗಲಿನ ಬೈರಾಸು ಜಾರಿ ಅದರ ಕೆಳಗೆ ಬಿತ್ತು. ಬೈರಾಸು ಹೊಳೆಯಿತು. ಹಕ್ಕಿ ಹೊಳೆದ ಹಾಗೆಯೇ. ಅಂಗಿಯ ತುದಿ ಇಟ್ಟೆ, ಹೊಳೆಯಿತು. ಮೇಜು ಒರೆಸುವ ಬಟ್ಟೆ ಹೊಳೆಯಿತು. ಪೊಟ್ಟಣದಿಂದ ಸೋಪಿನ ಪುಡಿಯನ್ನೇ ಚಿಟಿಕೆ ತಂದು ಇಟ್ಟೆ, ದೀಪಾವಳಿಯಾಯಿತು. ದೇವರ ಪಟಕ್ಕೆ ಕಟ್ಟಿದ್ದ, ನೀರು ಕಾಣದ ಹಳೆಯ ನೂಲಿನ ಹಾರ ಇಟ್ಟರೆ ಕಪ್ಪಗೆ ಬಿದ್ದುಕೊಂಡಿತು. ನಾನು ಸ್ಟೂಲಿನ ಮೇಲೆ ಕೂತೆ. ಹೊಳೆದದ್ದು ಹೊಸ ನೂಲಲ್ಲ, ನನ್ನ ಸೋಪು. ಅಪ್ಪಯ್ಯನನ್ನು ಸುಳ್ಳುಗಾರ ಮಾಡಿದ್ದು ಶೀನಣ್ಣ ಅಲ್ಲ.

ಆ ದಿನವೇ ಅಡ್ಯಾರಿಗೆ ಓಡಿದೆ ಎಂದು ಬರೆದರೆ ಓದಲು ಚೆನ್ನಾಗಿರುತ್ತದೆ. ಓಡಲಿಲ್ಲ. ಒಂದು ದಿನ ಬಂದ್, ಒಂದು ದಿನ ಗ್ರೈಂಡರ್ ಕೆಟ್ಟಿತು, ಒಂದು ದಿನ ಏನೂ ಕೆಡಲಿಲ್ಲ, ಆದರೂ ಹೋಗಲಿಲ್ಲ. ನನ್ನ ಬಟ್ಟೆ ಒಗೆಯುವುದು ಮಾತ್ರ ಹೆಚ್ಚಾಯಿತು. ಅಷ್ಟರಲ್ಲಿ ಅಕ್ಕನ ಕಣ್ಣಿನ ಆಪರೇಷನ್ ಆಯಿತು. ನೋಡಲು ಹೋದಾಗ ಅವಳು ಕಪ್ಪು ಕನ್ನಡಕ ತೆಗೆದು, "ಗೋಪಾಲ, ನಿನ್ನ ತಲೆ ಎಲ್ಲ ಬೆಳ್ಳಗಾಯ್ತಲ್ಲ ಮಾರಾಯ, ಯಾವಾಗ?" ಎಂದಳು. ಇನ್ನು ಅವಳು ಡಬ್ಬಿ ತೆರೆದರೆ ಕಲೆ ಹೋದದ್ದೂ ಕಾಣುತ್ತದೆ ಎಂದು ಹೊಳೆದದ್ದು ಆಗ. ಧೈರ್ಯ ಬಂದದ್ದು ಹೀಗೆ; ಅದರಲ್ಲಿ ಹೆಚ್ಚುಗಾರಿಕೆ ಏನೂ ಇಲ್ಲ.

ಮುಂದಿನ ವಾರ ಗಲ್ಲಾದ ದೀಪವನ್ನು ವಡೆ ಪಾರ್ಸೆಲ್ಲಿನ ಚೀಲದಲ್ಲಿ ಹಾಕಿಕೊಂಡು ಹೋದೆ. ಅವರ ಮನೆಯಲ್ಲಿ ಕತ್ತಲೆ ಎಂದರೆ ಬಚ್ಚಲುಮನೆ ಒಂದೇ. ಅಕ್ಕನನ್ನು ಡಬ್ಬಿಯ ಸಮೇತ ಕರೆದುಕೊಂಡು ಹೋಗಿ ಬಾಗಿಲು ಹಾಕಿದೆ. ಹೊರಗಿನಿಂದ ಸೊಸೆ, "ಎನ್ನ ಆಚ್ಚು ಮಾಮಾ?", ಏನಾಯಿತು ಎಂದು ಕೂಗಿದಳು.

"ಒಣ್ಣುಮಿಲ್ಲೆಮ್ಮಾ, ಏನಿಲ್ಲ, ವಡೆ ತಂದಿದ್ದೇನೆ" ಅಂದೆ.

ದೀಪ ಹಾಕಿ ಅಂಗಿ ಬಿಚ್ಚಿದೆ. ಬನಿಯನ್ನು ಹೊಳೆಯಿತು. ಅಕ್ಕ ಹೊಳೆಯುವ ನನ್ನ ಹೊಟ್ಟೆಯನ್ನೇ ನೋಡುತ್ತಾ ನಿಂತಳು. ಬೈರಾಸು ತೋರಿಸಿದೆ. ಅವಳು ಡಬ್ಬಿಯೊಳಗೆ ಹಾಸಿಟ್ಟಿದ್ದ ಹಳೆಯ ಅರಿವೆಯ ತುಂಡನ್ನು ತೋರಿಸಿದೆ, ಅದು ಹೊಳೆಯಲಿಲ್ಲ. ಆಮೇಲೆ ಹಕ್ಕಿಯನ್ನು ಇಟ್ಟೆ.

"ನೀ ತೊಳ್ದ್ಯಾ?" ಎಂದಳು.

"ಹೌದ್ ಅಕ್ಕಾ."

"ಕಲೆ?"

"ಹೋಯ್ತ್."

ಅವಳು ಬಕೆಟ್ಟನ್ನು ಕವುಚಿ ಅದರ ಮೇಲೆ ಕೂತಳು. ನಾನು ಬನಿಯನ್ನಿನಲ್ಲಿ ನಿಂತಿದ್ದೆ. ನಲ್ಲಿ ತೊಟ್ಟಿಕ್ಕುತ್ತಿತ್ತು, ವಾಷರ್ ಬದಲಿಸಬೇಕು ಎಂದು ಆಗಲೂ ಯೋಚನೆ ಬಂತು.

"ಬೇಕಾದ್ರೆ," ಅಂದೆ, "ನಮ್ಮ ಹೋಟ್ಲ್ ಬೇಳೆಯೇ, ಒಂದ್ ಹನಿ ಅದೇ ಜಾಗಕ್ಕೆ..."

ಅಕ್ಕ ತಲೆಯೆತ್ತಿ ಹೊಸ ಕಣ್ಣುಗಳಿಂದ ನನ್ನನ್ನು ನೋಡಿದಳು.

"ತೊಳ್ದದ್ದಕ್ಕೆ ನಂಗೆ ಸಿಟ್ಟಿಲ್ಲೆ ಕಾಣ್" ಎಂದಳು. "ನಿನ್ನ ಕೈಗೆ ಕೊಟ್ಟದ್ದ್ ನನ್ನದೇ ತಪ್ಪು. ಅವ್ರ ಮನೆಯಲ್ಲಿ ನಾನ್ ಇಲ್ಲದ ಕಲೆಗೆ ಬೆರಳ್ ಇಟ್ಕಂಡ್ ಕೂತಿದ್ದೆ. ನೀ ಪಕ್ಕದಲ್ಲೇ ಇದ್ದೆ. ನೀರ್ ಕೇಳ್ದೆ. ಅಷ್ಟೇ ಅಲ್ದಾ ನೀ ಕೇಳಿದ್ದ್?"

ಅಷ್ಟೇ ನಾನು ಕೇಳಿದ್ದು.

ಮರುದಿನ ವರದರಾಜನ್ ಅವರ ಮನೆಗೆ ಹೋದೆವು. ಮಾತಾಡುವ ಕೆಲಸ ನನ್ನದೆಂದು ಅಕ್ಕ ಮೊದಲೇ ಹೇಳಿದ್ದಳು. ಹೇಳಿದೆ. ಯಾವ ಪುಡಿ, ಎಷ್ಟು ಹೊತ್ತು ನೆನೆಸಿದ್ದು, ಬಿಸಿಲಿಗೆ ಹಾಕಿದ್ದು, ಎಲ್ಲ. ಅವರು ಕೇಳುತ್ತಾ ಕಣ್ಣು ಮುಚ್ಚಿಕೊಂಡರು. ಹಕ್ಕಿಯನ್ನು ಮತ್ತೆ ಕವುಚಿ ಹಾಕಿ ಬೆನ್ನು ನೋಡಿದರು, ಕುಣಿಕೆ ನೋಡಿದರು. "ಹೊಲಿಗೆ ಆ ಕಾಲಕ್ಕೆ ಹೊಂದುತ್ತೆ. ಬಟ್ಟೆ ಹೊಂದುತ್ತೆ. ಕುಣಿಕೆ ಹೊಂದುತ್ತೆ. ಅಲ್ಲ ಅಂತ ನಾನು ಹೇಳಿದ್ದನ್ನು ವಾಪಸು ತಗೊಳ್ತೀನಮ್ಮಾ. ಆದರೆ ಹೌದು ಅಂತ ಹೇಳೋದಕ್ಕೆ ಇನ್ನು ಈ ಟಾರ್ಚಿಗೂ ಆಗಲ್ಲ, ನನಗೂ ಆಗಲ್ಲ. ತೊಳೆಯೋ ಮೊದಲು ಬಂದಿದ್ದರೆ ಆಗ್ತಿತ್ತು." ಸ್ವಲ್ಪ ಯೋಚಿಸಿ, "ಇರಬಹುದು. ಅಷ್ಟು ಹೇಳಬಲ್ಲೆ" ಎಂದರು.

ಶೀನಣ್ಣನಿಗೂ ನಾನೇ ಹೇಳಬೇಕಾಯಿತು. ಅವನು ಬಹಳ ಹೊತ್ತು ನಕ್ಕು, ಕಣ್ಣೊರೆಸಿಕೊಂಡು, "ಇರ್ಬಹುದು ಅಂಬ್ದನ್ನ ಮೈಕ್ ಹಿಡ್ದ್ ಹೇಗಾ ಹೇಳುದು?" ಎಂದ. ಪ್ರದರ್ಶನವೂ ಮುಗಿದುಹೋಗಿತ್ತು. ಕೋಳಿಯ ಮಾತು ಮಾತ್ರ ಆಮೇಲೆ ಅವನ ಬಾಯಲ್ಲಿ ಬರಲಿಲ್ಲ.

ಹಕ್ಕಿ ಡಬ್ಬಿಗೆ ವಾಪಸು ಹೋಗುವುದಿಲ್ಲ, ನಿನ್ನ ತಲೆಯ ಮೇಲೇ ಇರಲಿ ಎಂದು ಅಕ್ಕ ತೀರ್ಮಾನ ಮಾಡಿದಳು. ಕಟ್ಟು ಹಾಕಿಸಿ ಗಲ್ಲಾದ ಹಿಂದೆ ತೂಗುಹಾಕಿದೆ. ಅವಳ ಕರಾರು ಒಂದೇ, ಯಾರು ಕೇಳಿದರೂ ಪೂರ್ತಿ ಹೇಳಬೇಕು. ಭಾನುವಾರ ಬೆಳಿಗ್ಗೆ ಅವಳು ಬರುತ್ತಾಳೆ. ಹಕ್ಕಿ ಕಾಣುವ ಮೇಜಿಗೇ ಕೂರುತ್ತಾಳೆ, ಒಂದು ಮಸಾಲೆ ದೋಸೆ ತರಿಸುತ್ತಾಳೆ. ಯಾರಾದರೂ ಗಿರಾಕಿ ಕೇಳಿಯೇ ಕೇಳುತ್ತಾರೆ, ನಾನು ಶುರುಮಾಡುತ್ತೇನೆ. ಬರ್ಮಾ, ದರ್ಜಿ, ಸೋಪಿನ ಪುಡಿ, ಎಲ್ಲ ಸಲೀಸಾಗಿ ಬರುತ್ತದೆ. ಜನ ನಗುತ್ತಾರೆ, ನನಗೂ ಉಮೇದು ಬರುತ್ತದೆ. "ತೊಳೆದದ್ದುಂಟಾ" ಎಂದು ವರದರಾಜನ್ ಕೇಳಿದಲ್ಲಿಗೆ ಬಂದಾಗ ಕೆಲವು ಸಲ ನಾನು ಬಾಯಿ ಬಿಡದೆ ಕೂತದ್ದನ್ನು ಹಾರಿಸಿ ಟಾರ್ಚಿಗೆ ಹೋಗಿಬಿಡುತ್ತೇನೆ. ಆಗ ಆ ಮೇಜಿನಿಂದ ಸ್ಟೀಲ್ ಲೋಟಕ್ಕೆ ಉಂಗುರ ಬಡಿದ ಸದ್ದಾಗುತ್ತದೆ. ಅಕ್ಕ ದೋಸೆಯಿಂದ ತಲೆ ಎತ್ತಿರುವುದಿಲ್ಲ. ನಾನು ಹಿಂದಕ್ಕೆ ಹೋಗಿ ಆ ಮಾತನ್ನು ಹೇಳಿಯೇ ಮುಂದಕ್ಕೆ ಬರುತ್ತೇನೆ.

ಇವತ್ತು ಭಾನುವಾರವಲ್ಲ, ಹೋಟೆಲಿನಲ್ಲಿ ಯಾರೂ ಇಲ್ಲ. ಆದರೂ ಬರೆಯುತ್ತಾ ಆ ಜಾಗಕ್ಕೆ ಬಂದಾಗ ಲೋಟದ ಸದ್ದು ಕೇಳಿದಂತಾಯಿತು. ನಾನು ಸುಮ್ಮನೆ ಕೂತಿದ್ದೆ ಎಂದು ಬರೆದೆ.